ಕರೆಂಟ್ ಸೂಜಿ ಮತ್ತು ಇಲಿಯ ಮಿದುಳು: ಪಾರ್ಕಿನ್‌ಸನ್ ಸಂಶೋಧನೆಯ ಒಂದು ಸುದ್ದಿಯನ್ನು ಬಿಡಿಸಿ ನೋಡಿದಾಗ

ಕಳೆದ ಅಡಿಕೆ ಕೊಯ್ಲಿನ ಹೊತ್ತಿಗೆ ಶಿರಸಿ ಸಮೀಪದ ನಮ್ಮ ದೊಡ್ಡಪ್ಪನ ಮೊಬೈಲಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ ಬಂದಿತ್ತು. ಸೂಜಿ ಚುಚ್ಚಿ ಅದರೊಳಗೆ ಸಣ್ಣ ಪ್ರಮಾಣದ ಕರೆಂಟ್ ಹರಿಸಿದರೆ (ಇದಕ್ಕೆ ವಿದ್ಯುತ್ ಅಕ್ಯುಪಂಕ್ಚರ್ ಎಂದು ಹೆಸರು) ಪಾರ್ಕಿನ್‌ಸನ್ ಕಾಯಿಲೆಯ ಇಲಿಗಳಲ್ಲಿ ಮಿದುಳಿನ ಚಯಾಪಚಯ ಸುಧಾರಿಸುತ್ತದೆ ಎಂಬುದು ಅದರ ಸಾರ. ಕೆಳಗೆ ಕರಾವಳಿಯ ಒಂದು ಊರಿನಲ್ಲಿ ನಡೆಯಲಿರುವ ಚಿಕಿತ್ಸಾ ಶಿಬಿರದ ದಿನಾಂಕವೂ ಇತ್ತು. ಎರಡು ವರ್ಷಗಳಿಂದ ಇದೇ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವ ದೊಡ್ಡಪ್ಪ ಅದನ್ನು ನನಗೆ ಕಳಿಸಿ, ಫೋನು ಮಾಡಿ ಕೇಳಿದರು: “ಇಲಿಗೆ ಕಮ್ಮಿ ಆಜಡ, ನಂಗೂ ಆಗ್ತಾ ತಮಾ?” ಇಲಿಗೆ ಗುಣವಾಗಿದೆಯಂತೆ, ನನಗೂ ಆದೀತೇ ಎಂಬ ಈ ಪ್ರಶ್ನೆಗೆ ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸಿಬಿಡುವುದು ಸರಿಯಾಗಲಾರದು. ಆ ಸಂದೇಶದೊಳಗೆ ಕಾಯಿಲೆ, ಚಯಾಪಚಯ, ಇಲಿ ಮತ್ತು ಸೂಜಿ ಎಂಬ ನಾಲ್ಕು ಬೇರೆ ಬೇರೆ ವಿಷಯಗಳಿವೆ, ಮತ್ತು ಒಂದೊಂದೂ ಏನೆಂದು ತಿಳಿದ ಮೇಲಷ್ಟೇ ಅವು ಒಂದಕ್ಕೊಂದು ಎಷ್ಟು ಗಟ್ಟಿಯಾಗಿ ಹೊಂದಿಕೊಂಡಿವೆ ಎಂದು ನೋಡಲು ಸಾಧ್ಯ.

ನಡುಕಕ್ಕಿಂತ ಮೊದಲು ನಿಧಾನ

ಊರಿನ ಮಾತಿನಲ್ಲಿ ಇದು ಕೈ ನಡುಗುವ ರೋಗ, ಆಯುರ್ವೇದದಲ್ಲಿ ಕಂಪವಾತ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್‌ಸನ್ 1817ರಲ್ಲಿ ಆರು ಜನರ ಲಕ್ಷಣಗಳನ್ನು ವಿವರಿಸಿ ಒಂದು ಪ್ರಬಂಧ ಬರೆದದ್ದರಿಂದ ಮುಂದೆ ಅವರ ಹೆಸರೇ ಕಾಯಿಲೆಗೆ ನಿಂತಿತು. ದೊಡ್ಡಪ್ಪನ ವಿಷಯದಲ್ಲಿ ಮನೆಯವರ ಕಣ್ಣಿಗೆ ಮೊದಲು ಬಿದ್ದದ್ದು ನಿಧಾನ. ಕವಳ ಹಾಕುವಾಗ ಎಲೆಗೆ ಸುಣ್ಣ ಸವರುವ ಬಲಗೈ ಹೆಬ್ಬೆರಳು ಅರ್ಧ ಎಲೆಗೇ ನಿಂತುಬಿಡುತ್ತಿತ್ತು. ಸೊಸೈಟಿಯ ಕಾಗದಗಳಿಗೆ ಹಾಕುವ ಸಹಿ ಬರುಬರುತ್ತ ಇರುವೆ ಸಾಲಿನಷ್ಟು ಸಣ್ಣದಾಯಿತು. ನಡುಕ ಬಂದದ್ದು ಆಮೇಲೆ. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ಹೆಬ್ಬೆರಳೂ ತೋರುಬೆರಳೂ ಹೊಗೆಸೊಪ್ಪು ತಿಕ್ಕುವಂತೆ ಒಂದನ್ನೊಂದು ಉಜ್ಜುತ್ತಿದ್ದವು, ಚಾ ಲೋಟಕ್ಕೆ ಕೈ ಚಾಚಿದ ಕೂಡಲೇ ಅದು ತಗ್ಗುತ್ತಿತ್ತು. ವಿಶ್ರಾಂತಿಯಲ್ಲಿ ಕಾಣಿಸಿಕೊಂಡು ಕೆಲಸಕ್ಕಿಳಿದಾಗ ಕಡಿಮೆಯಾಗುವ ಇಂಥ ನಡುಕ, ಚಲನೆಯ ನಿಧಾನಗತಿ, ಮೈಯ ಬಿಗಿತ ಮತ್ತು ದೇಹದ ಒಂದು ಪಕ್ಕದಲ್ಲಿ ಮೊದಲು ಶುರುವಾಗುವ ಸ್ವಭಾವ ಈ ಕಾಯಿಲೆಯ ಗುರುತುಗಳು.

ಇದರ ಮೂಲ ನಡುಮಿದುಳಿನಲ್ಲಿರುವ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಪುಟ್ಟ ಭಾಗದಲ್ಲಿದೆ. ಲ್ಯಾಟಿನ್ನಿನಲ್ಲಿ ಈ ಹೆಸರಿಗೆ ಕಪ್ಪು ವಸ್ತು ಎಂದರ್ಥ, ಏಕೆಂದರೆ ಮಿದುಳನ್ನು ಸೀಳಿ ನೋಡಿದಾಗ ಆ ಪಟ್ಟಿ ಬರಿಗಣ್ಣಿಗೇ ಕಪ್ಪಾಗಿ ಕಾಣುತ್ತದೆ. ಅಲ್ಲಿಯ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ನಿಯಂತ್ರಿಸುವ ಸ್ಟ್ರಯೇಟಮ್ ಎಂಬ ಇನ್ನೊಂದು ಭಾಗಕ್ಕೆ ತಲುಪಿಸುತ್ತವೆ. ಸ್ಟ್ರಯೇಟಮ್ ಮತ್ತು ಅದರ ನೆರೆಯ ಕೇಂದ್ರಗಳು ಸೇರಿ ಒಂದು ಬ್ರೇಕಿನಂತೆ ಕೆಲಸ ಮಾಡುತ್ತವೆ: ಬೇಡದ ಚಲನೆಯನ್ನು ಹಿಡಿದಿಟ್ಟು, ಬೇಕಾದದ್ದಕ್ಕೆ ಮಾತ್ರ ಬ್ರೇಕು ಸಡಿಲಿಸುತ್ತವೆ. ಆ ಸಡಿಲಿಕೆಗೆ ಡೋಪಮೈನ್ ಬೇಕು. ಅದನ್ನು ತಯಾರಿಸುವ ಕೋಶಗಳು ವರ್ಷಗಟ್ಟಲೆ ಸದ್ದಿಲ್ಲದೆ ಸಾಯುತ್ತ ಹೋಗಿ, ಅವುಗಳ ಗಣನೀಯ ಪಾಲು ನಷ್ಟವಾದ ಮೇಲೆ ಮಾತ್ರ ಹೊರಗೆ ಲಕ್ಷಣ ಕಾಣಿಸುತ್ತದೆ. ಉಳಿದ ಅನೇಕ ಕೋಶಗಳ ಒಳಗೆ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಗಂಟುಕಟ್ಟಿಕೊಂಡಿರುತ್ತದೆ. ಈ ಗಂಟುಗಳನ್ನು ಲೂಯಿ ಕಾಯಗಳು ಎನ್ನುತ್ತಾರೆ.

ಮಿದುಳಿನ ಖರ್ಚು

ಚಯ ಎಂದರೆ ಕೂಡಿಡುವುದು, ಅಪಚಯ ಎಂದರೆ ಕರಗಿಸುವುದು. ಜೀವಕೋಶ ಆಹಾರವನ್ನು ಒಡೆದು ಶಕ್ತಿ ಪಡೆಯುವ, ಆ ಶಕ್ತಿಯಿಂದ ತನಗೆ ಬೇಕಾದುದನ್ನು ಕಟ್ಟಿಕೊಳ್ಳುವ ಎಲ್ಲ ರಾಸಾಯನಿಕ ವ್ಯವಹಾರವೂ ಸೇರಿ ಚಯಾಪಚಯ. ಮನುಷ್ಯನ ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿದ್ದರೂ, ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ಅದರ ಮುಖ್ಯ ಇಂಧನ ಗ್ಲೂಕೋಸ್. ಆ ಇಂಧನವನ್ನು ಆಮ್ಲಜನಕದೊಂದಿಗೆ ಉರಿಸುವ ಒಲೆಗಳೆಂದರೆ ಕೋಶದೊಳಗಿನ ಮೈಟೊಕಾಂಡ್ರಿಯಗಳು.

ಪಾರ್ಕಿನ್‌ಸನ್ ಕಾಯಿಲೆಯ ಮಾತಿನಲ್ಲಿ ಚಯಾಪಚಯ ಇಷ್ಟು ಮುಖ್ಯವಾಗಲು ಕಾರಣ ಆ ಕಪ್ಪು ಪಟ್ಟಿಯ ಕೋಶಗಳ ಸಂಸಾರ. ಘಟ್ಟದ ಮೇಲಿನ ನಮ್ಮ ಊರುಗಳಲ್ಲಿ ಮನೆಗಳು ಒತ್ತೊತ್ತಾಗಿಲ್ಲ; ಒಂದು ಟ್ರಾನ್ಸ್‌ಫಾರ್ಮರಿನಿಂದ ಹೊರಟ ಲೈನು ಕಾಡು, ಗದ್ದೆ, ತೋಟ ದಾಟಿ ಒಂಟಿ ಮನೆಗಳನ್ನು ಹುಡುಕಿಕೊಂಡು ಹೋಗುತ್ತದೆ, ಮತ್ತು ಉದ್ದ ಹೆಚ್ಚಿದಷ್ಟೂ ಕಟ್ಟಕಡೆಯ ಮನೆಯ ಬಲ್ಬು ಮಂದವಾಗುತ್ತದೆ. ಡೋಪಮೈನ್ ಕೋಶವೂ ಹಾಗೆಯೇ. ದೊಡ್ಡ ಜಾತಿಯ ಪ್ರಯೋಗದ ಇಲಿಯಲ್ಲಿ ಇಂಥ ಒಂದೇ ಕೋಶದಿಂದ ಹೊರಟ ತಂತುವಿನ ಎಲ್ಲ ಕವಲುಗಳನ್ನು ಕೂಡಿಸಿ ಅಳೆದಾಗ ಸುಮಾರು 78 ಸೆಂಟಿಮೀಟರಿನಷ್ಟು ಉದ್ದ ಸಿಕ್ಕಿದ್ದುಂಟು, ಆ ಇಲಿಯ ಇಡೀ ಮಿದುಳಿನ ತೂಕ 2 ಗ್ರಾಂ ಆಸುಪಾಸು. ಇದರ ಮೇಲೆ ಈ ಕೋಶಗಳು ಯಾರೂ ಕರೆಯದಿದ್ದರೂ ತಾವಾಗಿಯೇ ಸೆಕೆಂಡಿಗೆ ಕೆಲವು ಬಾರಿ ಮಿಡಿಯುತ್ತವೆ, ಪ್ರತಿ ಮಿಡಿತಕ್ಕೂ ಒಳಗೆ ನುಗ್ಗಿದ ಕ್ಯಾಲ್ಸಿಯಮ್ಮನ್ನು ಮತ್ತೆ ಹೊರಹಾಕಲು ಶಕ್ತಿ ವ್ಯಯಿಸುತ್ತವೆ. ಒಲೆ ಸ್ವಲ್ಪ ಕುಗ್ಗಿದರೂ ಮೊದಲು ಹಸಿಯುವ ಮನೆ ಇದು.

ಖರ್ಚನ್ನು ಅಳೆಯುವ ಬಗೆ

ತಲೆಬುರುಡೆಯ ಒಳಗಿನ ಈ ಖರ್ಚನ್ನು ಹೊರಗಿನಿಂದ ಅಳೆಯಲು ಒಂದು ಜಾಣ ಉಪಾಯವಿದೆ. ಗ್ಲೂಕೋಸನ್ನು ಹೋಲುವ, ಆದರೆ ಕೋಶ ಪೂರ್ತಿ ಜೀರ್ಣಿಸಿಕೊಳ್ಳಲಾರದ ಒಂದು ಸಕ್ಕರೆಗೆ ವಿಕಿರಣಶೀಲ ಫ್ಲೋರಿನ್ ಪರಮಾಣುವನ್ನು ಅಂಟಿಸಿ ರಕ್ತಕ್ಕೆ ಬಿಡುತ್ತಾರೆ, ಇದೇ ಎಫ್‌ಡಿಜಿ. ಹಸಿದ ಕೋಶ ಇದನ್ನು ಗ್ಲೂಕೋಸೆಂದೇ ತಿಳಿದು ಒಳಗೆಳೆದುಕೊಳ್ಳುತ್ತದೆ, ಮೊದಲ ಹಂತದ ಬದಲಾವಣೆಯನ್ನೂ ಮಾಡುತ್ತದೆ, ಅಲ್ಲಿಗೆ ಅದು ಸಿಕ್ಕಿಹಾಕಿಕೊಳ್ಳುತ್ತದೆ. ಯಾವ ಭಾಗ ಹೆಚ್ಚು ಗ್ಲೂಕೋಸ್ ಎಳೆಯುತ್ತಿದೆಯೋ ಅಲ್ಲಿ ಹೆಚ್ಚು ಎಫ್‌ಡಿಜಿ ಕೂಡಿ, ಆ ವಿಕಿರಣವನ್ನು ಹೊರಗಿನಿಂದ ಹಿಡಿದು ಚಿತ್ರ ಮಾಡುವ ಪೆಟ್ ಸ್ಕ್ಯಾನಿನಲ್ಲಿ ಆ ಭಾಗ ಹೆಚ್ಚು ಬೆಳಗುತ್ತದೆ. ಈ ವಿಧಾನಕ್ಕೆ ತಳಹದಿ ಹಾಕಿದವರು ಅಮೆರಿಕದ ಲೂಯಿ ಸೊಕೊಲೋಫ್. ಇಲಿಯ ಮಿದುಳಿನ ಗ್ಲೂಕೋಸ್ ಬಳಕೆಯನ್ನು ಅಳೆಯುವ ಅವರ ಕ್ರಮ 1977ರಲ್ಲಿ ಪ್ರಕಟವಾಯಿತು.

ಕೈಗಾ ಅಣುಸ್ಥಾವರದ ನೆರೆಯವರಾದ ನಮಗೆ ಅರ್ಧಾಯು ಎಂಬ ಪದ ಅಷ್ಟೇನೂ ಹೊಸದಲ್ಲ. ಈ ಫ್ಲೋರಿನ್ನಿನ ಅರ್ಧಾಯು, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಹಿಡಿಯುವ ಕಾಲ, ಸುಮಾರು 110 ನಿಮಿಷ. ಹುಬ್ಬಳ್ಳಿಯಲ್ಲಿ ಅದನ್ನು ಬಸ್ಸಿಗೆ ಹತ್ತಿಸಿದರು ಎಂದುಕೊಂಡರೆ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದು ನಾಲ್ಕು ತಾಸಿಗೆ ಕಾರವಾರ ಮುಟ್ಟುವಷ್ಟರಲ್ಲಿ ಕಾಲುಭಾಗವೂ ಉಳಿದಿರುವುದಿಲ್ಲ. ಪೆಟ್ ಯಂತ್ರ ಎಲ್ಲ ಊರುಗಳಲ್ಲಿ ಏಕಿಲ್ಲ ಎಂಬುದಕ್ಕೆ ಯಂತ್ರದ ಬೆಲೆಯ ಜೊತೆಗೆ ಇದೂ ಒಂದು ಕಾರಣ.

ಸುದ್ದಿಗಳಲ್ಲಿ ಬರುವ ಚಯಾಪಚಯ ಎಂಬ ಪದ ಯಾವಾಗಲೂ ಇದನ್ನೇ ಸೂಚಿಸುತ್ತದೆ ಎನ್ನುವಂತಿಲ್ಲ. ಕೆಲವು ಪ್ರಯೋಗಗಳು ಎಂಆರ್‌ಐ ಯಂತ್ರದ್ದೇ ಇನ್ನೊಂದು ವಿಧಾನದಿಂದ ಲ್ಯಾಕ್ಟೇಟ್, ಗ್ಲುಟಮೇಟ್ ಮುಂತಾದ ರಾಸಾಯನಿಕಗಳ ಪ್ರಮಾಣವನ್ನು ನೋಡುತ್ತವೆ. ಇನ್ನು ಕೆಲವು, ಇಲಿಯನ್ನು ಕೊಂದು ಮಿದುಳಿನ ಚೂರಿನಲ್ಲಿರುವ ನೂರಾರು ಸಣ್ಣ ಅಣುಗಳನ್ನು ಒಟ್ಟಿಗೆ ಎಣಿಸುತ್ತವೆ. ಮೂರೂ ಚಯಾಪಚಯವೇ, ಆದರೆ ಮೂರರ ಉತ್ತರವೂ ಒಂದೇ ಅಲ್ಲ.

ಹೆಚ್ಚು ಬೆಳಗಿದರೆ ಒಳ್ಳೆಯದೇ?

ಸುದ್ದಿಯನ್ನು ಓದುವವರು ಎಡವುವುದು ಇಲ್ಲಿಯೇ, ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಸ್ಕ್ಯಾನಿನಲ್ಲಿ ಮಿದುಳು ಹೆಚ್ಚು ಬೆಳಗಿದರೆ ಹೆಚ್ಚು ಆರೋಗ್ಯ ಎಂದು ಸಹಜವಾಗಿ ಅನ್ನಿಸುತ್ತದೆ. ತೋಟಕ್ಕೆ ನೀರು ಬಿಡುವವರು ಹಾಗೆ ತಿಳಿಯಲಾರರು. ಪಂಪ್‌ಸೆಟ್ಟಿನ ಮೋಟಾರು ಜಾಮ್ ಆದಾಗ ನೀರು ಒಂದು ಹನಿ ಬಾರದಿದ್ದರೂ ಸ್ಟಾರ್ಟರ್ ಪೆಟ್ಟಿಗೆಯ ಆಂಪಿಯರ್ ಮೀಟರಿನ ಮುಳ್ಳು ಮಾಮೂಲಿಗಿಂತ ಮೇಲೇರಿ ಕೂರುತ್ತದೆ. ಮೀಟರು ಹೇಳುವುದು ಎಳೆದುಕೊಂಡ ಕರೆಂಟನ್ನು. ನೀರು ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಕಾಲುವೆಯ ಹತ್ತಿರವೇ ಹೋಗಬೇಕು.

ಪಾರ್ಕಿನ್‌ಸನ್ ರೋಗಿಯ ಮಿದುಳಿನಲ್ಲಿಯೂ ಇದೇ ಬಗೆಯ ಸ್ಥಿತಿ ಕಾಣುತ್ತದೆ. ಡೋಪಮೈನ್ ಕಡಿಮೆಯಾದಾಗ ಬ್ರೇಕಿನ ಕೇಂದ್ರಗಳು ಸಡಿಲವಾಗದೆ ಅತಿಯಾಗಿ ದುಡಿಯುತ್ತವೆ. ಅಮೆರಿಕದ ನರವೈದ್ಯ ಡೇವಿಡ್ ಐಡೆಲ್‌ಬರ್ಗ್ ಮತ್ತು ಸಂಗಡಿಗರು 1990ರ ದಶಕದಿಂದ ನಡೆಸಿದ ಪೆಟ್ ಅಧ್ಯಯನಗಳಲ್ಲಿ ಈ ಕಾಯಿಲೆಗೇ ವಿಶಿಷ್ಟವಾದ ಒಂದು ವಿನ್ಯಾಸ ಸ್ಪಷ್ಟವಾಯಿತು: ಬ್ರೇಕಿನ ಕೇಂದ್ರಗಳು, ಥಲಾಮಸ್, ಮಿದುಳಕಾಂಡ, ಕಿರುಮಿದುಳು ಮುಂತಾದ ಭಾಗಗಳಲ್ಲಿ ಗ್ಲೂಕೋಸ್ ಬಳಕೆ ಹೆಚ್ಚಾಗಿರುತ್ತದೆ, ಚಲನೆಯನ್ನು ಯೋಜಿಸುವ ಹೊರಪದರದ ಕೆಲವು ಭಾಗಗಳಲ್ಲಿ ಕಡಿಮೆಯಾಗಿರುತ್ತದೆ. ಮಿದುಳಿನಲ್ಲಿ ಡೋಪಮೈನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಕೊಟ್ಟು ರೋಗಿಯ ಚಲನೆ ಸುಧಾರಿಸಿದಾಗ ಈ ವಿನ್ಯಾಸ ತಗ್ಗುತ್ತದೆ. ಮಿದುಳಿನ ಆಳಕ್ಕೆ ತಂತಿ ಇಳಿಸಿ ವಿದ್ಯುತ್ ಕೊಡುವ ಡಿಬಿಎಸ್ ಶಸ್ತ್ರಚಿಕಿತ್ಸೆಯ ನಂತರವೂ ಅದು ತಗ್ಗುತ್ತದೆ. ಒಟ್ಟಿನಲ್ಲಿ ಒಳ್ಳೆಯ ಚಿಕಿತ್ಸೆ ಕೆಲವು ಕಡೆ ಖರ್ಚನ್ನು ಇಳಿಸಬೇಕು, ಕೆಲವು ಕಡೆ ಏರಿಸಬೇಕು. ಚಯಾಪಚಯ ಸುಧಾರಿಸಿತು ಎಂಬ ಒಂದು ಸಾಲಿನಿಂದ, ಎಲ್ಲಿ, ಯಾವ ದಿಕ್ಕಿಗೆ ಎಂದು ಹೇಳದ ಹೊರತು, ಏನೂ ತಿಳಿಯುವುದಿಲ್ಲ.

ಇಲಿಗೆ ಪಾರ್ಕಿನ್‌ಸನ್ ಬರುವುದು ಹೇಗೆ?

ಇಲಿಗೆ ಈ ಕಾಯಿಲೆ ತಾನಾಗಿ ಬರುವುದಿಲ್ಲ. ಅದನ್ನು ಹೋಲುವ ಸ್ಥಿತಿಯನ್ನು ತರಿಸಬೇಕು. ಹೀಗೆ ತರಿಸಿದ ಪ್ರಾಣಿಯನ್ನು ಪ್ರಾಣಿ ಮಾದರಿ ಎನ್ನುತ್ತಾರೆ. ಈ ಪರಂಪರೆಯ ಆರಂಭಕ್ಕೆ ನಮ್ಮ ಘಟ್ಟದ ಕಾಡಿನಲ್ಲೂ ಬೆಳೆಯುವ ಸರ್ಪಗಂಧದ ನಂಟಿದೆ. ಅದರ ಬೇರಿನಿಂದ ತೆಗೆದ ರೆಸರ್ಪಿನ್ ಎಂಬ ಔಷಧವನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಮೊಲಗಳಿಗೆ ಕೊಟ್ಟಾಗ ಅವು ಕಿವಿ ಜೋತುಬಿಟ್ಟು ಅಲುಗಾಡದೆ ಕುಳಿತವು. ಲೆವೊಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೇ ಎದ್ದು ಓಡಾಡಿದವು. ಡೋಪಮೈನಿನ ಮೇಲಿನ ಈ ಕೆಲಸಕ್ಕೆ ಅವರು 2000ನೇ ಇಸವಿಯ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. (ಲೆವೊಡೋಪಾ ನಮ್ಮ ಬೇಲಿಯ ಮೇಲಿನ ನಸುಗುನ್ನಿ ಬೀಜದಲ್ಲಿಯೂ ಇದೆ, ಅದನ್ನು ಭಾರತೀಯ ವಿಜ್ಞಾನಿಗಳು 1937ರಲ್ಲೇ ಬೇರ್ಪಡಿಸಿದ್ದರು, ಆದರೆ ಮಾತ್ರೆಯಲ್ಲಿರುವಂತೆ ಬೀಜದಲ್ಲಿ ಪ್ರಮಾಣ ಗೊತ್ತುಮಾಡಲು ಆಗುವುದಿಲ್ಲ.)

ಈಗ ಹೆಚ್ಚು ಬಳಕೆಯಲ್ಲಿರುವ ಮಾದರಿಗಳು ವಿಷದಿಂದ ಆದವು. 1982ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಕೆಲವು ಮಾದಕವ್ಯಸನಿ ಯುವಕರು ಇದ್ದಕ್ಕಿದ್ದಂತೆ ಕಲ್ಲಿನಂತೆ ಸೆಟೆದುಹೋದರು. ವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಹುಡುಕಿದಾಗ, ಅವರು ಚುಚ್ಚಿಕೊಂಡ ಕಳ್ಳ ಮಾದಕದಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಸಿಕ್ಕಿತು. ಅದು ಮಿದುಳಿನಲ್ಲಿ ಇನ್ನೊಂದು ರೂಪ ತಾಳಿ, ಡೋಪಮೈನ್ ಕೋಶಗಳು ತಮ್ಮ ಡೋಪಮೈನನ್ನು ಒಳಗೆಳೆದುಕೊಳ್ಳುವ ಬಾಗಿಲಿನಿಂದಲೇ ಒಳಹೊಕ್ಕು, ಮೈಟೊಕಾಂಡ್ರಿಯದ ಒಲೆಯ ಬಾಯಿಗೇ ಮಣ್ಣು ಮೆತ್ತುತ್ತದೆ. ಅದೇ ವಿಷ ಈಗ ಚಿಕ್ಕ ಇಲಿಗಳಿಗೆ ಕೊಡುವ ಮಾದರಿ. ಡೆರಿಸ್ ಕುಲದ ಬಳ್ಳಿಗಳಲ್ಲಿರುವ, ಮೀನು ಹಿಡಿಯುವ ವಿಷವಾಗಿಯೂ ಕೀಟನಾಶಕವಾಗಿಯೂ ಬಳಕೆಯಾದ ರೊಟೆನೋನ್ ಕೂಡ ಅದೇ ಒಲೆಯನ್ನು ಕೆಡಿಸುತ್ತದೆ. ಈ ಕುಲದ ಒಂದು ಬಳ್ಳಿ ನಮ್ಮ ಪಶ್ಚಿಮ ಕರಾವಳಿಯ ಕಾಂಡ್ಲಾ ಗಿಡಗಳ ನಡುವೆಯೂ ಹಬ್ಬುತ್ತದೆ. ಮೂರನೆಯದು 6-ಹೈಡ್ರಾಕ್ಸಿಡೋಪಮೈನ್. ಇದನ್ನು ದೊಡ್ಡ ಇಲಿಯ ಮಿದುಳಿನ ಒಂದೇ ಪಕ್ಕಕ್ಕೆ ಚುಚ್ಚಿದರೆ ಆ ಪಕ್ಕದ ಡೋಪಮೈನ್ ಕೋಶಗಳು ಸಾಯುತ್ತವೆ. ಆಮೇಲೆ ಒಂದು ಔಷಧ ಕೊಟ್ಟಾಗ ಇಲಿ ಗಾಣದ ಎತ್ತಿನಂತೆ ಒಂದೇ ದಿಕ್ಕಿಗೆ ಸುತ್ತತೊಡಗುತ್ತದೆ, ಮತ್ತು ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸುವುದೇ ಕಾಯಿಲೆಯ ತೀವ್ರತೆಯ ಅಳತೆಯಾಗುತ್ತದೆ.

ಸೂಜಿಗೆ ಕರೆಂಟ್ ಏಕೆ?

ಚೀನಾದ ಸಾಂಪ್ರದಾಯಿಕ ಸೂಜಿಚಿಕಿತ್ಸೆಯಲ್ಲಿ ಕೂದಲಿನಷ್ಟು ತೆಳುವಾದ ಸೂಜಿಗಳನ್ನು ಗೊತ್ತಾದ ಬಿಂದುಗಳಲ್ಲಿ ಚುಚ್ಚಿ ಕೈಯಿಂದ ತಿರುಗಿಸುತ್ತಾರೆ. ತಿರುಗಿಸುವ ಬದಲು ಎರಡು ಸೂಜಿಗಳಿಗೆ ಸಣ್ಣ ಕ್ಲಿಪ್ಪು ಸಿಕ್ಕಿಸಿ, ಅವುಗಳ ನಡುವೆ ವಿದ್ಯುತ್ತಿನ ಮಿಡಿತಗಳನ್ನು ಹರಿಸಿದರೆ ಅದು ವಿದ್ಯುತ್ ಅಕ್ಯುಪಂಕ್ಚರ್. ಸಂಶೋಧಕರಿಗೆ ಇದು ಹಿಡಿಸಲು ಕಾರಣ ಅಳತೆ: ಕೈ ಎಷ್ಟು ತಿರುಗಿಸಿತು ಎಂದು ಬರೆದಿಡಲಾಗದು, ಆದರೆ 1 ಮಿಲಿಆಂಪಿಯರ್, ಸೆಕೆಂಡಿಗೆ 100 ಮಿಡಿತ, 30 ನಿಮಿಷ ಎಂದು ಬರೆದಿಟ್ಟರೆ ಇನ್ನೊಬ್ಬರು ಅದನ್ನೇ ಮಾಡಿ ನೋಡಬಹುದು. ಇಲಿಗಳಲ್ಲಿ ಹಿಂಗಾಲಿನ ಮೊಣಕಾಲಿನ ಕೆಳಗಿನ ಮತ್ತು ಪಾದದ ಮೇಲಿನ ಬಿಂದುಗಳನ್ನು, ನೆತ್ತಿಯ ಬಿಂದುವನ್ನು ಹೆಚ್ಚಾಗಿ ಆರಿಸುತ್ತಾರೆ.

ಕಾಲಿಗೆ ಚುಚ್ಚಿದ ಸೂಜಿಗೂ ಮಿದುಳಿಗೂ ಏನು ಸಂಬಂಧ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಿಂದುಗಳ ಸಾಂಪ್ರದಾಯಿಕ ವಿವರಣೆ ಏನೇ ಇರಲಿ, ಆ ಜಾಗದಲ್ಲಿ ನರಗಳಿವೆ, ನರಗಳು ಬೆನ್ನುಹುರಿಯ ಮೂಲಕ ಮಿದುಳಕಾಂಡಕ್ಕೆ ಸುದ್ದಿ ಮುಟ್ಟಿಸುತ್ತವೆ. ಬೀಜಿಂಗಿನ ಹಾನ್ ಜಿಶೆಂಗ್ ದಶಕಗಳ ಕಾಲ ನೋವಿನ ಮೇಲೆ ನಡೆಸಿದ ಅಧ್ಯಯನಗಳಲ್ಲಿ, ಸೆಕೆಂಡಿಗೆ 2 ಮಿಡಿತ ಕೊಟ್ಟಾಗ ಒಂದು ಬಗೆಯ, 100 ಮಿಡಿತ ಕೊಟ್ಟಾಗ ಇನ್ನೊಂದು ಬಗೆಯ ನೋವುನಿವಾರಕ ಅಣುಗಳು ದೇಹದಲ್ಲೇ ಬಿಡುಗಡೆಯಾಗುವುದು ಕಂಡಿತು. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಚೀನಾ ಮತ್ತು ಅಮೆರಿಕದ ಸಂಶೋಧಕರ ಕೆಲಸ ಇನ್ನೂ ಮುಂದೆ ಹೋಗಿ, ಇಲಿಯ ಹಿಂಗಾಲಿನ ಒಂದು ನಿರ್ದಿಷ್ಟ ಗುಂಪಿನ ನರಗಳು ಮಿದುಳಕಾಂಡದಿಂದ ಹೊಟ್ಟೆಯವರೆಗೆ ಇಳಿಯುವ ವೇಗಸ್ ನರದ ಮೂಲಕ, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸಿ ಉರಿಯೂತವನ್ನು ತಗ್ಗಿಸುತ್ತವೆ ಎಂದು ತೋರಿಸಿತು. ಆ ನರಗಳನ್ನು ಇಲ್ಲವಾಗಿಸಿದಾಗ ಪರಿಣಾಮವೂ ಇಲ್ಲವಾಯಿತು, ಮತ್ತು ಅಷ್ಟೇ ಕರೆಂಟನ್ನು ಹೊಟ್ಟೆಯ ಬಿಂದುವಿಗೆ ಕೊಟ್ಟಾಗ ಅದು ಬರಲಿಲ್ಲ. ಆದರೆ ಅದು ಇಡೀ ದೇಹದ ಉರಿಯೂತದ ಪ್ರಯೋಗ, ಪಾರ್ಕಿನ್‌ಸನ್ನಿನದ್ದಲ್ಲ. ಅಡ್ರಿನಲ್ ಗ್ರಂಥಿ ಬಿಡುವ ಡೋಪಮೈನ್ ಮಿದುಳಿಗೆ ಹೋಗುವುದೂ ಇಲ್ಲ. ರಕ್ತ ಮತ್ತು ಮಿದುಳಿನ ನಡುವಿನ ತಡೆ ಡೋಪಮೈನನ್ನು ದಾಟಲು ಬಿಡುವುದಿಲ್ಲ, ಆದ್ದರಿಂದಲೇ ರೋಗಿಗಳಿಗೆ ಡೋಪಮೈನಿನ ಬದಲು ಆ ತಡೆಯನ್ನು ದಾಟಬಲ್ಲ ಲೆವೊಡೋಪಾ ಕೊಡುವುದು.

ಪ್ರಯೋಗಗಳಲ್ಲಿ ಕಂಡದ್ದು

ವಿಷ ಕೊಟ್ಟ ಇಲಿಗಳಿಗೆ ವಿದ್ಯುತ್ ಅಕ್ಯುಪಂಕ್ಚರ್ ಮಾಡಿದ ವರದಿಗಳಲ್ಲಿ ಪದೇ ಪದೇ ಬರುವ ಸಂಗತಿಗಳಿವೆ: ಚಿಕಿತ್ಸೆ ಪಡೆಯದ ಇಲಿಗಳಿಗಿಂತ ಇವುಗಳಲ್ಲಿ ಡೋಪಮೈನ್ ಕೋಶಗಳು ಹೆಚ್ಚು ಉಳಿದಿರುತ್ತವೆ, ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಹೆಚ್ಚಿರುತ್ತದೆ, ಉರಿಯೂತದ ಗುರುತುಗಳು ಕಡಿಮೆ ಇರುತ್ತವೆ. ನನಗೆ ಇವೆಲ್ಲಕ್ಕಿಂತ ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಮಿದುಳಿನ ಒಂದು ಪಕ್ಕ ಕೆಡಿಸಿದ ಇಲಿಗಳಿಗೆ 100 ಮಿಡಿತದ ಚಿಕಿತ್ಸೆ ಕೊಟ್ಟಾಗ, ಡೋಪಮೈನ್ ಮಟ್ಟ ಮೇಲೇಳದೆಯೇ ಅವು ಸುತ್ತುವುದು ಕಡಿಮೆಯಾಯಿತು, ನಡುಮಿದುಳಿನಲ್ಲಿ ಏರಿದ್ದ ಗಾಬಾ ಎಂಬ ತಡೆ ಹಾಕುವ ರಾಸಾಯನಿಕ ಇಳಿಯಿತು. ಹಾಗಿದ್ದರೆ ಸತ್ತ ಕೋಶಗಳು ಮರಳದಿದ್ದರೂ ಬ್ರೇಕಿನ ಜಾಲವೇ ಬೇರೆ ದಾರಿಯಿಂದ ಸ್ವಲ್ಪ ಸಡಿಲವಾಗಿರಬಹುದು. ಚಯಾಪಚಯದ ಅಧ್ಯಯನಗಳಿಗೆ ಅರ್ಥ ಬರುವುದು ಇಲ್ಲಿ, ಏಕೆಂದರೆ ಒಂದು ರಾಸಾಯನಿಕವನ್ನು ಮಾತ್ರ ಎಣಿಸಿದರೆ ಸಿಗದ ಇಡೀ ಜಾಲದ ಚಿತ್ರವನ್ನು ಅವು ಕೊಡಬಲ್ಲವು.

ಅಲ್ಲಿಯೂ ತೊಡಕುಗಳಿವೆ. ಸ್ಕ್ಯಾನಿಗಾಗಿ ಇಲಿಗೆ ಅರಿವಳಿಕೆ ಕೊಡಬೇಕಾಗುತ್ತದೆ, ಅರಿವಳಿಕೆ ತಾನೇ ಮಿದುಳಿನ ಗ್ಲೂಕೋಸ್ ಬಳಕೆಯನ್ನು ಇಳಿಸುತ್ತದೆ. ಎಚ್ಚರವಿರುವ ಇಲಿಯನ್ನು ಕಟ್ಟಿಹಾಕಿ ಸೂಜಿ ಚುಚ್ಚಿದರೆ ಹೆದರಿಕೆಯೂ ಚಯಾಪಚಯವನ್ನು ಬದಲಿಸುತ್ತದೆ. ಆದ್ದರಿಂದ ಸೂಜಿ ಚುಚ್ಚಿ ಕರೆಂಟ್ ಕೊಡದ, ಅಥವಾ ಬೇರೆ ಜಾಗಕ್ಕೆ ಚುಚ್ಚಿದ ಇಲಿಗಳ ಇನ್ನೊಂದು ಗುಂಪು ಪಕ್ಕದಲ್ಲಿ ಇರಲೇಬೇಕು; ಅಂಥ ಗುಂಪಿಲ್ಲದ ವರದಿಯನ್ನು ಬದಿಗಿಡಬಹುದು. ಇನ್ನು ಪೆಟ್ ಯಂತ್ರಕ್ಕೆ ಒಂದು ಮಿಲಿಮೀಟರಿಗಿಂತ ಸಣ್ಣ ವಿವರ ಬಿಡಿಸಿ ಕಾಣುವುದು ಕಷ್ಟ, ಚಿಕ್ಕ ಇಲಿಯ ಮಿದುಳಿನಲ್ಲಿ ಮುಖ್ಯ ಕೇಂದ್ರಗಳು ಅಷ್ಟೇ ಗಾತ್ರದವು.

ಇಲಿಯಿಂದ ದೊಡ್ಡಪ್ಪನವರೆಗೆ

ಮನುಷ್ಯನಲ್ಲಿ ದಶಕಗಳ ಕಾಲ ಬೆಳೆಯುವ ಕಾಯಿಲೆಯನ್ನು ಇಲಿಯಲ್ಲಿ ಕೆಲವೇ ದಿನಗಳಲ್ಲಿ ವಿಷದಿಂದ ತರಿಸುತ್ತಾರೆ. ಎಂಪಿಟಿಪಿ ಕೊಟ್ಟ ಇಲಿಗಳಲ್ಲಿ ಲೂಯಿ ಕಾಯಗಳು ಸಾಮಾನ್ಯವಾಗಿ ಇರುವುದಿಲ್ಲ, ಮತ್ತು ಅವುಗಳಲ್ಲಿ ಕೆಲವು ಯಾವ ಚಿಕಿತ್ಸೆಯೂ ಇಲ್ಲದೆ ಕಾಲಕ್ರಮದಲ್ಲಿ ಭಾಗಶಃ ಚೇತರಿಸಿಕೊಳ್ಳುತ್ತವೆ. ಅನೇಕ ಪ್ರಯೋಗಗಳಲ್ಲಿ ಸೂಜಿ ಶುರುವಾಗುವುದು ವಿಷ ಕೊಡುವ ಮೊದಲು ಅಥವಾ ಕೊಟ್ಟ ಬೆನ್ನಿಗೇ. ಶಿಬಿರಕ್ಕೆ ಬರುವ ರೋಗಿಯಾದರೋ ಕೋಶಗಳ ದೊಡ್ಡ ಪಾಲನ್ನು ಆಗಲೇ ಕಳೆದುಕೊಂಡಿರುತ್ತಾನೆ. ಮನೆಗೆ ಬೆಂಕಿ ಬೀಳುವಾಗ ನೀರೆರಚಿದ್ದಕ್ಕೂ ಸುಟ್ಟ ಮನೆಯನ್ನು ಕಟ್ಟುವುದಕ್ಕೂ ಇರುವಷ್ಟು ಅಂತರ ಇದು.

ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಇನ್ನೊಂದು ಅಂಶ ಸೇರಿಕೊಳ್ಳುತ್ತದೆ, ಅದು ನಂಬಿಕೆ. 2016ರಲ್ಲಿ ಅಮೆರಿಕದಲ್ಲಿ 94 ಪಾರ್ಕಿನ್‌ಸನ್ ರೋಗಿಗಳ ಆಯಾಸದ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ ಅರ್ಧ ಜನರಿಗೆ ನಿಜವಾದ ಸೂಜಿಚಿಕಿತ್ಸೆಯನ್ನೂ ಉಳಿದವರಿಗೆ ಅದರ ತೋರಿಕೆಯನ್ನೂ ಕೊಟ್ಟರು. ಎರಡೂ ಗುಂಪಿನಲ್ಲಿ ಆಯಾಸ ಕಡಿಮೆಯಾಯಿತು, ಎರಡರ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅದು ಕರೆಂಟಿಲ್ಲದ ಸೂಜಿಯ ಪರೀಕ್ಷೆ, ನೋಡಿದ್ದು ಆಯಾಸವನ್ನು ಮಾತ್ರ. ಆದರೂ ತೋರಿಕೆಯ ಗುಂಪಿಲ್ಲದೆ ಮಾಡಿದ್ದರೆ ಸೂಜಿ ಗೆದ್ದಿತು ಎಂದೇ ಪತ್ರಿಕೆಗಳು ಬರೆಯುತ್ತಿದ್ದವು.

ದೊಡ್ಡಪ್ಪನಿಗೆ ನಾನು ಇಷ್ಟನ್ನೂ ಫೋನಿನಲ್ಲಿ ಹೇಳಲಿಲ್ಲ. ಎರಡು ಸಂಗತಿ ಮಾತ್ರ ಒತ್ತಿ ಹೇಳಿದೆ. ಶಿಬಿರದವರು ಯಾರೇ ಹೇಳಿದರೂ ಲೆವೊಡೋಪಾ ಮಾತ್ರೆಯನ್ನು ಹಠಾತ್ತನೆ ನಿಲ್ಲಿಸಬಾರದು, ಏಕೆಂದರೆ ಹಾಗೆ ನಿಲ್ಲಿಸಿದಾಗ ತೀವ್ರ ಜ್ವರ, ಮೈ ಸೆಟೆತ ಮತ್ತು ಗೊಂದಲದ ಅಪಾಯಕರ ಸ್ಥಿತಿ ಬರಬಹುದು. ಎದೆಯಲ್ಲಿ ಪೇಸ್‌ಮೇಕರ್ ಅಥವಾ ಡಿಬಿಎಸ್ ಯಂತ್ರ ಇರುವವರು ತಮ್ಮ ವೈದ್ಯರನ್ನು ಕೇಳದೆ ಕರೆಂಟಿನ ಸೂಜಿಯ ಹತ್ತಿರ ಹೋಗಬಾರದು. ಪೇಸ್‌ಮೇಕರಿನ ಮಾತು ಅವರಿಗೆ ಬೇಕಾಗಿರಲಿಲ್ಲ, ಆದರೆ ಅದೇ ಸಂದೇಶ ಊರಿನ ಗುಂಪಿನಲ್ಲೂ ಓಡಾಡುತ್ತಿತ್ತು.

ಎಲ್ಲ ಕೇಳಿದ ಮೇಲೆ ಅವರು, ಆ ಇಲಿಗಳಿಗೆ ಎಷ್ಟು ವಯಸ್ಸು ಎಂದರು. ಇಂಥ ಪ್ರಯೋಗಗಳಲ್ಲಿ ಹೆಚ್ಚಾಗಿ ಎಂಟರಿಂದ ಹನ್ನೆರಡು ವಾರದ ಗಂಡು ಇಲಿಗಳನ್ನೇ ಬಳಸುತ್ತಾರೆ, ಇಲಿಯ ಲೆಕ್ಕದಲ್ಲಿ ಅದು ಆಗಷ್ಟೇ ಮೀಸೆ ಚಿಗುರುವ ಪ್ರಾಯ ಎಂದೆ. ಎಪ್ಪತ್ತೊಂದು ದಾಟಿದ ದೊಡ್ಡಪ್ಪ ಆ ಕಡೆಯಿಂದ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ಅದು ಇನ್ನೂ ಮಾಣಿ” ಎಂದು ಫೋನಿಟ್ಟರು.